ಐದು ನಿಮಿಷಕ್ಕೊಮ್ಮೆ ಏರಿಳಿಯುವ ಸೂರ್ಯ

ಸೂರ್ಯನ ಗರ್ಭದಲ್ಲಿ ಒಂದೂವರೆ ಕೋಟಿ ಡಿಗ್ರಿ ಉಷ್ಣತೆ ಇದೆ ಎಂದು ಹೈಸ್ಕೂಲಿನಲ್ಲೇ ಓದುತ್ತೇವೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆಯುತ್ತೇವೆ. ಅದನ್ನು ಯಾರು ಅಳೆದರು, ಹೇಗೆ ಅಳೆದರು ಎಂದು ಮಕ್ಕಳು ಕೇಳಿದರೆ ಮಾತ್ರ ತಡವರಿಸುತ್ತೇವೆ. ಪ್ರಶ್ನೆ ನ್ಯಾಯವಾದದ್ದೇ. ನಮಗೆ ಕಾಣುವ ಸೂರ್ಯನ ಬೆಳಕೆಲ್ಲ ಅದರ ಹೊರಮೈಯ ಕೆಲವೇ ನೂರು ಕಿಲೋಮೀಟರ್ ದಪ್ಪದ ಪದರದಿಂದ ಬರುತ್ತದೆ. ಸೂರ್ಯನ ತ್ರಿಜ್ಯವೋ ಸುಮಾರು 6,96,000 ಕಿಲೋಮೀಟರ್. ಎಷ್ಟೇ ದೊಡ್ಡ ದೂರದರ್ಶಕ ತಂದಿಟ್ಟರೂ ಆ ಹೊರಪದರದಾಚೆಗೆ ದೃಷ್ಟಿ ಹಾಯುವುದಿಲ್ಲ. ಗರ್ಭದಲ್ಲಿ ಹುಟ್ಟಿದ ಶಕ್ತಿ ಕಣಗಳಿಗೆ ಡಿಕ್ಕಿ ಹೊಡೆಯುತ್ತ, ದಿಕ್ಕು ಬದಲಿಸುತ್ತ ಮೇಲೆ ಬರಲು ಹತ್ತಾರು ಸಾವಿರ ವರ್ಷಗಳೇ ಬೇಕು. ಅಷ್ಟರಲ್ಲಿ ಅದು ಹೊರಟ ಜಾಗದ ಗುರುತೇ ಅಳಿಸಿಹೋಗಿರುತ್ತದೆ.

ಬೆಳಕಿನ ಕೈಯಲ್ಲಾಗದ ಈ ಕೆಲಸವನ್ನು ಶಬ್ದ ಮಾಡುತ್ತದೆ. ಸೂರ್ಯನ ಮೇಲ್ಮೈಯಿಂದ ಕೇಂದ್ರಕ್ಕೆ ಶಬ್ದದ ಅಲೆಯೊಂದು ಸುಮಾರು ಒಂದು ಗಂಟೆಯಲ್ಲಿ ತಲುಪುತ್ತದೆ. ಇನ್ನೊಂದು ಗಂಟೆಯಲ್ಲಿ ಆಚೆ ಬದಿಗೆ ಹೋಗಿ ಮುಟ್ಟುತ್ತದೆ. ಹೋಗುವ ದಾರಿಯಲ್ಲಿ ಎಲ್ಲಿ ಬಿಸಿ ಹೆಚ್ಚು, ಎಲ್ಲಿ ಅನಿಲ ಹರಿಯುತ್ತಿದೆ, ಎಲ್ಲಿ ಹೀಲಿಯಂ ಜಾಸ್ತಿ ಎಂಬುದೆಲ್ಲ ಅದರ ವೇಗದ ಮೇಲೆ ಪರಿಣಾಮ ಬೀರುತ್ತದೆ. ಇಂಥ ಅಲೆಗಳನ್ನು ಅಳೆದು ಸೂರ್ಯನ ಒಳರಚನೆಯನ್ನು ತಿಳಿಯುವ ವಿದ್ಯೆಗೆ ಹೀಲಿಯೋಸೀಸ್ಮಾಲಜಿ, ಅಂದರೆ ಸೌರಕಂಪನಶಾಸ್ತ್ರ ಎನ್ನುತ್ತಾರೆ. ಭೂಕಂಪದ ಅಲೆಗಳಿಂದ ಭೂಮಿಯ ಒಳಪದರಗಳನ್ನು ಕಂಡುಕೊಂಡ ವಿಧಾನದ ಜಾಡಿನಲ್ಲೇ ಇದೂ ಬೆಳೆದಿದೆ.

ಇಲ್ಲೊಂದು ಅನುಮಾನ ಬರುವುದು ಸಹಜ. ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಶಬ್ದ ಎಲ್ಲಿಂದ ಬಂತು? ಸೂರ್ಯ ಮತ್ತು ಭೂಮಿಯ ನಡುವಿನ ಜಾಗವನ್ನು ದಾಟಿ ಆ ಸದ್ದು ನಮ್ಮ ಕಿವಿಗೆ ಬರುವುದಿಲ್ಲ, ನಿಜ. ಆದರೆ ಸೂರ್ಯನೇ ಅನಿಲದ ದೊಡ್ಡ ಗೋಳ. ಅದರೊಳಗೆ ಶಬ್ದ ಧಾರಾಳವಾಗಿ ಓಡಾಡುತ್ತದೆ. ಆ ಅಲೆಗಳು ಮೇಲ್ಮೈಗೆ ಬಂದಾಗ ಮೇಲ್ಮೈ ಏರಿಳಿಯುತ್ತದೆ. ನಾವು ಅಳೆಯುವುದು ಆ ಏರಿಳಿತವನ್ನು. ಶಬ್ದವನ್ನು ಬೆಳಕಿನ ಮೂಲಕ ಕೇಳುತ್ತೇವೆ ಎಂದರೂ ನಡೆಯುತ್ತದೆ.

ಈ ಏರಿಳಿತ ಮೊದಲು ಕಂಡದ್ದು 1960ರಲ್ಲಿ. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ 60 ಅಡಿ ಎತ್ತರದ ಸೌರಗೋಪುರವೊಂದಿದೆ. ಅಲ್ಲಿ ರಾಬರ್ಟ್ ಲೇಟನ್ ತಮ್ಮ ವಿದ್ಯಾರ್ಥಿಗಳಾದ ರಾಬರ್ಟ್ ನಾಯ್ಸ್, ಜಾರ್ಜ್ ಸೈಮನ್ ಜೊತೆ ಸೂರ್ಯನ ಮೇಲ್ಮೈಯ ಅನಿಲ ಯಾವ ವೇಗದಲ್ಲಿ ಚಲಿಸುತ್ತಿದೆ ಎಂದು ನೋಡುತ್ತಿದ್ದರು. ಒಂದೇ ಜಾಗದ ಎರಡು ಫೋಟೋ ತೆಗೆದು, ಡಾರ್ಕ್‌ರೂಮಿನಲ್ಲೇ ಒಂದರಿಂದ ಇನ್ನೊಂದನ್ನು ಕಳೆಯುವ ವಿಧಾನ ಅವರದು. ಲೆಕ್ಕ ಮಾಡಲು ಕಂಪ್ಯೂಟರ್ ಇಲ್ಲ, ಫೋಟೋದ ಕಪ್ಪು ಬಿಳುಪೇ ಲೆಕ್ಕ. ಅನಿಲ ಗೊತ್ತುಗುರಿಯಿಲ್ಲದೆ ಕುದಿಯುತ್ತಿರುತ್ತದೆ ಎಂದು ಅವರು ಎಣಿಸಿದ್ದರು. ಆದರೆ ಅದು ಸುಮಾರು 296 ಸೆಕೆಂಡಿಗೊಮ್ಮೆ, ಅಂದರೆ ಐದು ನಿಮಿಷಕ್ಕೊಮ್ಮೆ, ಲಯಬದ್ಧವಾಗಿ ಮೇಲೆ ಕೆಳಗೆ ಆಡುತ್ತಿತ್ತು. 1962ರಲ್ಲಿ ಪ್ರಬಂಧ ಪ್ರಕಟವಾಯಿತು. ಅದಕ್ಕೆ ಏನು ಕಾರಣ ಎಂಬುದು ಮತ್ತೂ ಎಂಟು ವರ್ಷ ಬಗೆಹರಿಯಲಿಲ್ಲ. 1970ರಲ್ಲಿ ರೋಜರ್ ಉಲ್ರಿಚ್, ಮರುವರ್ಷ ಬೇರೆಯಾಗಿಯೇ ಜಾನ್ ಲೈಬಾಕರ್ ಮತ್ತು ರಾಬರ್ಟ್ ಸ್ಟೈನ್, ಇವು ಸೂರ್ಯನೊಳಗೆ ಸಿಕ್ಕಿಕೊಂಡ ಶಬ್ದದ ಅಲೆಗಳು ಎಂದು ವಿವರಿಸಿದರು. 1975ರಲ್ಲಿ ಜರ್ಮನಿಯ ಫ್ರಾಂಜ್-ಲುಡ್ವಿಗ್ ಡಾಯ್ಬ್‌ನರ್ ಅವರ ಅಳತೆಗಳು ಆ ವಿವರಣೆಯನ್ನು ಖಚಿತಪಡಿಸಿದವು.

ಸಿಕ್ಕಿಕೊಳ್ಳುವುದು ಹೇಗೆ?

ಹಲಸಿನಹಣ್ಣನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಕೊಯ್ಯದೆಯೇ ಬಲಿತಿದೆಯೋ ಇಲ್ಲವೋ ಎಂದು ಹೇಳುವವರು ಮಲೆನಾಡಿನ ಮನೆಮನೆಯಲ್ಲಿದ್ದಾರೆ. ಸೂರ್ಯನ ವಿಷಯದಲ್ಲಿ ಮಾಡುವುದೂ ಅದನ್ನೇ. ವ್ಯತ್ಯಾಸ ಇಷ್ಟೆ: ಇಲ್ಲಿ ಹೊರಗಿನಿಂದ ಯಾರೂ ತಟ್ಟಬೇಕಾಗಿಲ್ಲ, ಸೂರ್ಯ ತನ್ನನ್ನು ತಾನೇ ತಟ್ಟಿಕೊಳ್ಳುತ್ತಾನೆ. ಮೇಲ್ಮೈಯ ಕೆಳಗೆ ಬಿಸಿ ಅನಿಲ ಮೇಲೇರುತ್ತದೆ, ತಣ್ಣಗಾದದ್ದು ರಭಸದಿಂದ ಕೆಳಗಿಳಿಯುತ್ತದೆ. ದೂರದರ್ಶಕದಲ್ಲಿ ಇದು ಅಕ್ಕಪಕ್ಕದಲ್ಲಿ ಒತ್ತಾಗಿ ಕೂತ ಹರಳುಗಳಂತೆ ಕಾಣುತ್ತದೆ. ಒಂದೊಂದು ಹರಳೂ ಸುಮಾರು 1,000 ಕಿಲೋಮೀಟರ್ ಅಗಲ, ಆಯುಸ್ಸು ಹತ್ತು ನಿಮಿಷದ ಆಸುಪಾಸು. ಸೂರ್ಯನ ಮೈತುಂಬ ಇಂಥ ಲಕ್ಷಾಂತರ ಹರಳುಗಳು ಹುಟ್ಟಿ ಅಳಿಯುತ್ತಲೇ ಇರುತ್ತವೆ. ಈ ಗದ್ದಲದಿಂದ ಶಬ್ದದ ಅಲೆಗಳು ಏಳುತ್ತವೆ.

ಕೆಳಕ್ಕೆ ಹೊರಟ ಅಲೆ ಏನಾಗುತ್ತದೆ ನೋಡಿ. ಒಳಗೆ ಹೋದಂತೆ ಉಷ್ಣತೆ ಏರುತ್ತದೆ. ಬಿಸಿ ಅನಿಲದಲ್ಲಿ ಶಬ್ದ ವೇಗವಾಗಿ ಓಡುತ್ತದೆ. ಮೇಲ್ಮೈಯ ಬಳಿ ಸೆಕೆಂಡಿಗೆ ಏಳೆಂಟು ಕಿಲೋಮೀಟರ್ ಇರುವ ಶಬ್ದದ ವೇಗ ಕೇಂದ್ರದಲ್ಲಿ 500 ಕಿಲೋಮೀಟರ್ ಆಗುತ್ತದೆ. ಅಲೆ ಓರೆಯಾಗಿ ಇಳಿಯುತ್ತಿದ್ದರೆ ಅದರ ಕೆಳಗಿನ ತುದಿ ಹೆಚ್ಚು ಬಿಸಿಯಲ್ಲಿದ್ದು ಮುಂದೋಡುತ್ತದೆ, ಮೇಲಿನ ತುದಿ ಹಿಂದುಳಿಯುತ್ತದೆ. ಹಾಗಾಗಿ ಅಲೆ ನಿಧಾನವಾಗಿ ಬಾಗುತ್ತ, ಒಂದು ಆಳಕ್ಕೆ ಬಂದಾಗ ಪೂರ್ತಿ ತಿರುಗಿ ಮೇಲಕ್ಕೆ ಹೊರಡುತ್ತದೆ. ಮೇಲೆ ಬಂದರೆ ಅಲ್ಲಿ ಅನಿಲದ ಸಾಂದ್ರತೆ ಥಟ್ಟನೆ ಇಳಿದುಬಿಡುತ್ತದೆ. ಅಲೆ ಹೊರಹೋಗಲಾರದೆ ಪ್ರತಿಫಲಿಸಿ ಮತ್ತೆ ಕೆಳಗಿಳಿಯುತ್ತದೆ. ಮೇಲೊಂದು ತಡೆ, ಕೆಳಗೊಂದು ತಿರುವು. ಇವೆರಡರ ನಡುವೆ ಅಲೆಗಳು ದಿನಗಟ್ಟಲೆ, ಕೆಲವು ತಿಂಗಳುಗಟ್ಟಲೆ, ಓಡಾಡಿಕೊಂಡಿರುತ್ತವೆ.

ಎಲ್ಲ ಅಲೆಗಳೂ ಒಂದೇ ಆಳದಲ್ಲಿ ತಿರುಗುವುದಿಲ್ಲ ಎಂಬುದೇ ಈ ವಿದ್ಯೆಯ ಜೀವಾಳ. ಹೆಚ್ಚು ಓರೆಯಾಗಿ ಹೊರಟದ್ದು ಮೇಲ್ಮೈಯ ಹತ್ತಿರವೇ ತಿರುಗುತ್ತದೆ. ನೇರವಾಗಿ ಕೆಳಗೆ ಹೊರಟದ್ದು ಗರ್ಭವನ್ನೇ ಹೊಕ್ಕು ಬರುತ್ತದೆ. 1,000 ಕಿಲೋಮೀಟರ್ ಆಳದ ಸುದ್ದಿಯನ್ನು ಒಂದು ತಂದರೆ, 3 ಲಕ್ಷ ಕಿಲೋಮೀಟರ್ ಆಳದ ಸುದ್ದಿಯನ್ನು ಇನ್ನೊಂದು ತರುತ್ತದೆ. ಎರಡನ್ನೂ ಹೋಲಿಸಿದರೆ ನಡುವೆ ಏನಿದೆ ಎಂದು ತಿಳಿಯುತ್ತದೆ. ಇಂಥ ಕಂಪನದ ಬಗೆಗಳು ಸೂರ್ಯನಲ್ಲಿ ಸುಮಾರು ಒಂದು ಕೋಟಿ ಇವೆ ಎಂಬುದು ಅಂದಾಜು. ಒಂದೊಂದನ್ನೂ ಮೋಡ್ ಎನ್ನುತ್ತಾರೆ. ಎಲ್ಲವೂ ಒಟ್ಟಿಗೇ ನಡೆಯುತ್ತಿರುತ್ತವೆ.

ಇವುಗಳ ಸ್ವರ ಎಂಥದ್ದು ಎಂಬ ಕುತೂಹಲವಿದ್ದರೆ: ಐದು ನಿಮಿಷಕ್ಕೆ ಒಂದು ಆವರ್ತ ಎಂದರೆ ಸುಮಾರು 3 ಮಿಲಿಹರ್ಟ್ಸ್, ಅಂದರೆ ಸೆಕೆಂಡಿಗೆ ಒಂದು ಕಂಪನದ ಸಾವಿರದಲ್ಲಿ ಮೂರು ಭಾಗ. ಮನುಷ್ಯನ ಕಿವಿಗೆ ಕೇಳಬೇಕಾದರೆ ಸೆಕೆಂಡಿಗೆ ಕನಿಷ್ಠ 20 ಕಂಪನ ಬೇಕು. ಅಲೆಕ್ಸಾಂಡರ್ ಕೊಸೊವಿಚೆವ್ ಎಂಬ ವಿಜ್ಞಾನಿ 40 ದಿನಗಳ ದತ್ತಾಂಶವನ್ನು ಸುಮಾರು 42,000 ಪಟ್ಟು ವೇಗಗೊಳಿಸಿ ಕೇಳುವಂತೆ ಮಾಡಿದ್ದಾರೆ. ಒಂದು ಗುಂಯ್‌ಗುಡುವಿಕೆ ಕೇಳುತ್ತದೆ. ಯೂಟ್ಯೂಬಿನಲ್ಲಿ ಇದನ್ನೇ ಓಂಕಾರ ಎಂದು ಹಂಚುವವರಿದ್ದಾರೆ. ಓಂಕಾರದ ಬಗ್ಗೆ ನನಗೆ ಗೌರವವಿದೆ, ಆದರೆ 42,000 ಪಟ್ಟು ವೇಗ ಹೆಚ್ಚಿಸಿದ ಮೇಲೆ ಯಾವ ಕಂಪನವೂ ಬೇಕಾದ ಹಾಗೆ ಕೇಳಿಸೀತು.

ಅಳೆಯುವ ಉಪಾಯ

ಮೇಲ್ಮೈ ಏರಿಳಿಯುವುದು ಹತ್ತಾರು ಕಿಲೋಮೀಟರ್ ಮಾತ್ರ. 15 ಕೋಟಿ ಕಿಲೋಮೀಟರ್ ದೂರದಿಂದ ಅದನ್ನು ಕಣ್ಣಳತೆಯಲ್ಲಿ ಹಿಡಿಯುವುದು ಆಗದ ಮಾತು. ಅದಕ್ಕೇ ಎತ್ತರವನ್ನು ಬಿಟ್ಟು ವೇಗವನ್ನು ಅಳೆಯುತ್ತಾರೆ. ಇದಕ್ಕೆ ಡಾಪ್ಲರ್ ಪರಿಣಾಮ ಬೇಕು. ನಮ್ಮತ್ತ ಬರುತ್ತಿರುವ ವಸ್ತುವಿನ ಬೆಳಕು ಸ್ವಲ್ಪ ನೀಲಿಯ ಕಡೆಗೆ ಸರಿಯುತ್ತದೆ, ದೂರ ಹೋಗುತ್ತಿರುವುದರ ಬೆಳಕು ಕೆಂಪಿನ ಕಡೆಗೆ ಸರಿಯುತ್ತದೆ. ಎಷ್ಟು ಸರಿಯಿತು ಎಂದು ನೋಡಲು ಒಂದು ಗುರುತು ಬೇಕಲ್ಲ? ಸೂರ್ಯನ ಬೆಳಕನ್ನು ಬಿಡಿಸಿ ಹರಡಿದಾಗ, ಅಂದರೆ ರೋಹಿತ ಮಾಡಿದಾಗ, ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಗೆರೆಯೂ ಒಂದೊಂದು ಧಾತುವಿನದು. ನಾಸಾದ ಎಸ್‌ಡಿಒ ಉಪಗ್ರಹದಲ್ಲಿರುವ ಎಚ್‌ಎಂಐ ಉಪಕರಣ 617.3 ನ್ಯಾನೋಮೀಟರಿನ ಕಬ್ಬಿಣದ ಗೆರೆಯನ್ನು ನೋಡುತ್ತದೆ. ಆ ಗೆರೆ ಆಚೀಚೆ ಸರಿದಾಡುವುದೇ ಮೇಲ್ಮೈಯ ಉಸಿರಾಟದ ದಾಖಲೆ.

ಸರಿಯುವುದು ಎಷ್ಟು ಎನ್ನುತ್ತೀರಿ? ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ ಬೆಳಕಿನ ತರಂಗದ ಉದ್ದ 30 ಕೋಟಿಯಲ್ಲಿ ಒಂದು ಪಾಲು ಬದಲಾಗುತ್ತದೆ. ಕೋಟಿ ಅಲೆಗಳೂ ಸೇರಿದಾಗ ಮೇಲ್ಮೈಯ ಒಂದು ಬಿಂದು ಸೆಕೆಂಡಿಗೆ ಕೆಲವು ನೂರು ಮೀಟರ್ ವೇಗದಲ್ಲಿ ಆಡುತ್ತದೆ. ಅದನ್ನು ಹಿಡಿಯುವುದು ಅಂಥ ಕಷ್ಟವಲ್ಲ. ಬಿಡಿ ಮೋಡ್ ಒಂದರ ಪಾಲು ಮಾತ್ರ ಅತಿ ಹೆಚ್ಚೆಂದರೆ ಸೆಕೆಂಡಿಗೆ 20 ಸೆಂಟಿಮೀಟರ್ ಆಸುಪಾಸು. ಅದರಿಂದ ಮೇಲ್ಮೈ ಏಳುವುದು ಹತ್ತು ಮೀಟರ್ ಅಷ್ಟೆ. ಸುತ್ತ ಕುದಿಯುವ ಅನಿಲದ ಗದ್ದಲ ಇದಕ್ಕಿಂತ ಸಾವಿರಾರು ಪಟ್ಟು ದೊಡ್ಡದು.

ಗದ್ದಲದಲ್ಲಿ ಇಷ್ಟು ಸಣ್ಣದನ್ನು ಹೆಕ್ಕುವುದಕ್ಕೆ ದೊಡ್ಡ ಕನ್ನಡಿ ಬೇಕಾಗಿಲ್ಲ. ದೀರ್ಘ ಕಾಲ ಬೇಕು. ಗದ್ದಲಕ್ಕೆ ನಿಯಮವಿಲ್ಲ, ಕಾಲ ಕಳೆದಂತೆ ಅದು ಒಂದಕ್ಕೊಂದು ವಜಾ ಆಗುತ್ತದೆ. ಮೋಡ್ ಮಾತ್ರ ತನ್ನ ಲಯ ಬಿಡುವುದಿಲ್ಲ. ನೋಡಿದಷ್ಟೂ ಅದು ಎದ್ದು ಕಾಣುತ್ತದೆ. ಇನ್ನೊಂದು ಲಾಭವೂ ಇದೆ. ತೀರ ಹತ್ತಿರದ ಎರಡು ಆವರ್ತನಗಳನ್ನು ಬೇರೆ ಮಾಡಿ ನೋಡಲು ಅವುಗಳ ನಡುವಿನ ಅಂತರ ಚಿಕ್ಕದಾದಷ್ಟೂ ಹೆಚ್ಚು ಕಾಲ ನೋಡಬೇಕು. ಸೂರ್ಯ ತಿರುಗುವುದರಿಂದ ಒಂದೇ ಮೋಡ್ ಹಲವು ಆವರ್ತನಗಳಾಗಿ ಸೀಳುತ್ತದೆ. ಸೀಳಿದವುಗಳ ನಡುವಿನ ಅಂತರ ಸುಮಾರು 0.4 ಮೈಕ್ರೋಹರ್ಟ್ಸ್, ಅಂದರೆ ಹರ್ಟ್ಸ್‌ನ ಹತ್ತು ಲಕ್ಷದ 0.4 ಭಾಗ. ಇವನ್ನು ಬೇರ್ಪಡಿಸಲು ಕನಿಷ್ಠ ಒಂದು ತಿಂಗಳು ಸೂರ್ಯನಿಂದ ಕಣ್ಣು ತೆಗೆಯುವಂತಿಲ್ಲ.

ಒಂದು ತಿಂಗಳು ಕಣ್ಣು ತೆಗೆಯದಿರುವುದು ಹೇಗೆ? ಸಂಜೆ ಸೂರ್ಯ ಮುಳುಗುತ್ತಾನಲ್ಲ. ಈ ಶಾಸ್ತ್ರದ ಅರ್ಧ ಇತಿಹಾಸ ರಾತ್ರಿಯನ್ನು ತಪ್ಪಿಸಿಕೊಳ್ಳುವ ಹೋರಾಟವೇ ಎಂದು ನನಗೆ ಅನ್ನಿಸುತ್ತದೆ. ದಿನಾ ರಾತ್ರಿ ದಾಖಲೆ ತುಂಡಾದರೆ ಲೆಕ್ಕದಲ್ಲಿ ನಿಜವಾದ ಪ್ರತಿ ಆವರ್ತನದ ಎರಡೂ ಬದಿಗೆ 11.6 ಮೈಕ್ರೋಹರ್ಟ್ಸ್ ದೂರದಲ್ಲಿ ಸುಳ್ಳು ಆವರ್ತನಗಳು ಹುಟ್ಟಿಕೊಳ್ಳುತ್ತವೆ. 24 ಗಂಟೆಗೆ ಒಂದು ಸಲ ಎಂಬುದರ ಆವರ್ತನವೇ ಅದು. ಸೂರ್ಯನ ಗರ್ಭದ ಸುದ್ದಿ ತರುವ ಜೋಡಿ ಮೋಡ್‌ಗಳ ನಡುವಿನ ಅಂತರವೋ 9 ಮೈಕ್ರೋಹರ್ಟ್ಸ್ ಆಸುಪಾಸು. ನಿಜವಾದದ್ದೂ ಸುಳ್ಳೂ ಅಕ್ಕಪಕ್ಕದಲ್ಲೇ ಬಂದು ಕೂತರೆ ಯಾವುದನ್ನು ನಂಬುವುದು?

ಮೊದಲ ಉಪಾಯ ದಕ್ಷಿಣ ಧ್ರುವ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ. ಜೆರಾರ್ ಗ್ರೆಕ್, ಎರಿಕ್ ಫೊಸ್ಸಾ, ಮಾರ್ಟಿನ್ ಪೊಮೆರಾಂಟ್ಜ್ ಅಲ್ಲಿಗೆ ಉಪಕರಣ ಹೊತ್ತು ಹೋಗಿ ಸತತ 120 ಗಂಟೆಗಳ ದಾಖಲೆ ತಂದರು. 1980ರಲ್ಲಿ ಅದು ಪ್ರಕಟವಾದಾಗ ಮೋಡ್‌ಗಳು ಸಾಲಾಗಿ, ಸಮ ಅಂತರದಲ್ಲಿ ಸ್ಪಷ್ಟವಾಗಿ ನಿಂತಿದ್ದವು. ಆದರೆ ಧ್ರುವದಲ್ಲೂ ಮೋಡ ಕವಿಯುತ್ತದೆ, ಚಳಿಗಾಲವಂತೂ ಪೂರ್ತಿ ಕತ್ತಲು.

ಎರಡನೆಯ ಉಪಾಯ ಭೂಮಿಯ ಸುತ್ತ ಕಾವಲು ಕೂರಿಸುವುದು. 1995ರಲ್ಲಿ ಗಾಂಗ್ ಎಂಬ ಆರು ಕೇಂದ್ರಗಳ ಜಾಲ ಕೆಲಸ ಆರಂಭಿಸಿತು. ಕ್ಯಾಲಿಫೋರ್ನಿಯಾದ ಬಿಗ್ ಬೇರ್, ಹವಾಯಿಯ ಮೌನಾ ಲೋವಾ, ಆಸ್ಟ್ರೇಲಿಯಾದ ಲಿಯರ್ಮಂತ್, ನಮ್ಮ ಉದಯಪುರ, ಕ್ಯಾನರಿ ದ್ವೀಪಗಳ ಎಲ್ ತೈದೆ, ಚಿಲಿಯ ಸೆರೊ ತೊಲೊಲೊ. ಒಂದು ಕಡೆ ಸೂರ್ಯ ಇಳಿಯುವಷ್ಟರಲ್ಲಿ ಇನ್ನೊಂದು ಕಡೆ ಏರಿರುತ್ತಾನೆ. ಒಂದೇ ಬಗೆಯ ಉಪಕರಣ, ನಿಮಿಷಕ್ಕೊಂದು ಚಿತ್ರ. ಬೆಳಕು ಒಳಗೆ ಬರುವ ಕಿಂಡಿ ಬರೀ 2.8 ಸೆಂಟಿಮೀಟರ್. ಖಗೋಳಶಾಸ್ತ್ರ ಎಂದರೆ ದೈತ್ಯ ದೂರದರ್ಶಕ ಎಂದುಕೊಂಡವರಿಗೆ ಇದು ನಿರಾಸೆ ತಂದರೂ ತಂದೀತು. ಉದಯಪುರದ ಕೇಂದ್ರವನ್ನು ನಡೆಸುವುದು ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯಕ್ಕೆ ಸೇರಿದ ಉದಯಪುರ ಸೌರ ವೀಕ್ಷಣಾಲಯ. 1970ರ ದಶಕದಲ್ಲಿ ಅರವಿಂದ ಭಟ್ನಾಗರ್ ಕಟ್ಟಿದ ಸಂಸ್ಥೆ ಅದು. ಅದರ ಮೂಲ ವೀಕ್ಷಣಾಲಯ ಫತೇಹ್ ಸಾಗರ್ ಕೆರೆಯ ನಡುವಿನ ದ್ವೀಪದಲ್ಲಿದೆ. ಸುತ್ತ ನೀರಿದ್ದರೆ ಮೇಲಿನ ಗಾಳಿ ಕಡಿಮೆ ಕಲಕುತ್ತದೆ, ಚಿತ್ರ ಅಲುಗಾಡುವುದಿಲ್ಲ. ಚಿಲಿ, ಕ್ಯಾನರಿಗಳಲ್ಲಿ ಕತ್ತಲಿರುವಾಗ ಏಷ್ಯಾದ ಕಡೆಯಿಂದ ಸೂರ್ಯನನ್ನು ನೋಡುವ ಹೊಣೆ ಉದಯಪುರ ಮತ್ತು ಲಿಯರ್ಮಂತ್ ಕೇಂದ್ರಗಳದು. ಮುಂಗಾರಿನ ತಿಂಗಳುಗಳಲ್ಲಿ ಉದಯಪುರಕ್ಕೆ ಮೋಡ ಕವಿದರೆ ಆ ಭಾರವೆಲ್ಲ ಆಸ್ಟ್ರೇಲಿಯಾದ ಮೇಲೆ ಬೀಳುತ್ತದೆ.

ಮೂರನೆಯ ಉಪಾಯ ಬಾಹ್ಯಾಕಾಶ. 1995ರ ಡಿಸೆಂಬರ್ 2ರಂದು ಸೋಹೋ ನೌಕೆ ಹಾರಿತು. ಅದು ಭೂಮಿಯಿಂದ ಸೂರ್ಯನತ್ತ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಎಲ್1 ಬಿಂದುವಿನ ಸುತ್ತ ನಿಂತಿತು. ಅಲ್ಲಿ ರಾತ್ರಿಯಿಲ್ಲ, ಮೋಡವಿಲ್ಲ. 2010ರ ಫೆಬ್ರವರಿ 11ರಂದು ಎಸ್‌ಡಿಒ ಹೊರಟಿತು. ಅದರ ಎಚ್‌ಎಂಐ ಕ್ಯಾಮೆರಾದಲ್ಲಿ ಉದ್ದಕ್ಕೆ 4,096, ಅಡ್ಡಕ್ಕೆ 4,096 ಬಿಂದುಗಳಿವೆ. 45 ಸೆಕೆಂಡಿಗೊಮ್ಮೆ ಇಡೀ ಸೂರ್ಯನ ವೇಗದ ನಕ್ಷೆ ಸಿದ್ಧವಾಗುತ್ತದೆ.

ಬಾಹ್ಯಾಕಾಶಕ್ಕೆ ಹೋದ ಮೇಲೆ ನೆಲದ ಕೇಂದ್ರಗಳು ಯಾಕೆ ಎಂದು ಕೇಳಬಹುದು. 1998ರ ಜೂನ್‌ನಲ್ಲಿ ಸೋಹೋ ನಿಯಂತ್ರಣ ತಪ್ಪಿ ಕೆಲವು ವಾರ ಕಾಣೆಯೇ ಆಗಿತ್ತು, ಮರಳಿ ಸಿಕ್ಕಿದ್ದು ಅದೃಷ್ಟ. ನೆಲದ ಮೇಲೂ ವಿಘ್ನ ತಪ್ಪಿದ್ದಲ್ಲ. 2022ರ ನವೆಂಬರ್‌ನಲ್ಲಿ ಮೌನಾ ಲೋವಾ ಜ್ವಾಲಾಮುಖಿ ಉಕ್ಕಿ ಲಾವಾ ರಸ್ತೆಯನ್ನು ನುಂಗಿತು, ವಿದ್ಯುತ್ ಕಡಿಯಿತು, ಹವಾಯಿಯ ಕೇಂದ್ರ ನಿಂತಿತು. 2024ರ ನವೆಂಬರ್‌ನಲ್ಲಿ ಇನ್ನೂ ವಿಚಿತ್ರ. ಎಸ್‌ಡಿಒ ಉಪಗ್ರಹಕ್ಕೆ ಏನೂ ಆಗಿರಲಿಲ್ಲ, ಅದರ ದತ್ತಾಂಶ ಸಂಸ್ಕರಿಸುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆಯಲ್ಲಿ ನೀರಿನ ಪೈಪು ಒಡೆದು ಯಂತ್ರಗಳು ತೊಯ್ದವು.

ಸಿಕ್ಕಿದ್ದೇನು?

ಅಳತೆ ಕೈಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ತಿರುಗುಮುರುಗಾದ ಲೆಕ್ಕವೊಂದು ನಡೆಯುತ್ತದೆ. ಇದನ್ನು ಇನ್ವರ್ಷನ್ ಎನ್ನುತ್ತಾರೆ. ಒಳರಚನೆ ಗೊತ್ತಿದ್ದರೆ ಆವರ್ತನ ಹೇಳುವುದು ಸುಲಭ. ಇಲ್ಲಿ ಆವರ್ತನ ಗೊತ್ತಿದೆ, ರಚನೆಯನ್ನು ಕಂಡುಹಿಡಿಯಬೇಕು. ಮೊದಲು ಭೌತಶಾಸ್ತ್ರದ ನಿಯಮಗಳಿಂದ ಸೂರ್ಯನ ಮಾದರಿಯೊಂದನ್ನು ಕಟ್ಟುತ್ತಾರೆ. ಆ ಮಾದರಿಯ ಆವರ್ತನಗಳನ್ನೂ ಅಳೆದ ಆವರ್ತನಗಳನ್ನೂ ಹೋಲಿಸುತ್ತಾರೆ. ಯಾವ ಆಳದಲ್ಲಿ ಏನನ್ನು ಎಷ್ಟು ತಿದ್ದಿದರೆ ಎರಡೂ ಹೊಂದುತ್ತವೆ ಎಂದು ಹುಡುಕುತ್ತಾರೆ.

ಹೀಗೆ ಹುಡುಕಿ 1991ರಲ್ಲಿ ಕ್ರಿಸ್ಟೆನ್ಸನ್-ಡಾಲ್ಸ್‌ಗಾರ್ಡ್, ಗಫ್, ಥಾಂಪ್ಸನ್ ಎಂಬ ಮೂವರು ಸೂರ್ಯನ ಕುದಿಯುವ ಪದರ ಎಲ್ಲಿ ಮುಗಿಯುತ್ತದೆ ಎಂದು ಹೇಳಿದರು. ಕೇಂದ್ರದಿಂದ ತ್ರಿಜ್ಯದ 0.713 ಭಾಗದಲ್ಲಿ. ದಶಮಾಂಶದ ಮೂರನೆಯ ಸ್ಥಾನದವರೆಗೆ! ಅದರ ಕೆಳಗೆ ಶಾಂತವಾದ ವಿಕಿರಣ ವಲಯ, ಅಲ್ಲಿ ಶಕ್ತಿ ಬೆಳಕಿನ ರೂಪದಲ್ಲೇ ಸಾಗುತ್ತದೆ. ಹೊರಪದರದಲ್ಲಿ ತೂಕದ ಲೆಕ್ಕದಲ್ಲಿ ಹೀಲಿಯಂ ಸುಮಾರು ಶೇ. 25 ಎಂದು ಗೊತ್ತಾದದ್ದೂ ಶಬ್ದದಿಂದಲೇ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಎಚ್. ಎಂ. ಆಂಟಿಯಾ ಮತ್ತು ಈಗ ಯೇಲ್ ವಿಶ್ವವಿದ್ಯಾಲಯದಲ್ಲಿರುವ ಸರ್ಬಾನಿ ಬಸು ಈ ಕ್ಷೇತ್ರದಲ್ಲಿ ದೊಡ್ಡ ಹೆಸರುಗಳು.

ನ್ಯೂಟ್ರಿನೋ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಸೂರ್ಯನ ಗರ್ಭದ ಬೈಜಿಕ ಕ್ರಿಯೆಯಲ್ಲಿ ನ್ಯೂಟ್ರಿನೋ ಎಂಬ ಕಣಗಳು ಹುಟ್ಟಿ ನೇರ ಹೊರಬರುತ್ತವೆ. ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯ ಆಳದಲ್ಲಿ ರೇಮಂಡ್ ಡೇವಿಸ್ ಅವನ್ನು ಎಣಿಸಿದರೆ, ಇರಬೇಕಾದ ಮೂರರಲ್ಲಿ ಒಂದು ಪಾಲು ಮಾತ್ರ ಸಿಕ್ಕಿತು. ಚಿನ್ನದ ಗಣಿಯಲ್ಲಿ ನ್ಯೂಟ್ರಿನೋ ಎಂದರೆ ನಮಗೆ ಕೋಲಾರ ನೆನಪಾಗಬೇಕು. 1965ರಲ್ಲಿ ಕೆಜಿಎಫ್ ಗಣಿಯಲ್ಲೂ ನ್ಯೂಟ್ರಿನೋ ಪತ್ತೆಯಾಗಿತ್ತು. ಅವು ಸೂರ್ಯನದಲ್ಲ, ಭೂಮಿಯ ವಾತಾವರಣದಲ್ಲಿ ಹುಟ್ಟಿದವು. ಇರಲಿ, ಡೇವಿಸ್ ಅವರ ಲೆಕ್ಕ ಯಾಕೆ ಕಡಿಮೆ ಬಂತು? ಸೂರ್ಯನ ಗರ್ಭ ನಾವೆಣಿಸಿದ್ದಕ್ಕಿಂತ ತಣ್ಣಗಿದ್ದರೆ ನ್ಯೂಟ್ರಿನೋ ಕಡಿಮೆಯಾಗುತ್ತದೆ. ಹಾಗಾದರೆ ಮಾದರಿಯೇ ತಪ್ಪು ಎಂದು ಹಲವರು ವಾದಿಸಿದರು. ಶಬ್ದದ ವೇಗ ಅಳೆದಾಗ ಮಾದರಿ ಹೇಳಿದ್ದಕ್ಕೂ ಅಳತೆಗೂ ಗರ್ಭದವರೆಗೂ ಶೇ. ಅರ್ಧದಷ್ಟೂ ವ್ಯತ್ಯಾಸ ಕಾಣಲಿಲ್ಲ. ಸೂರ್ಯನ ಮೇಲಿನ ಆರೋಪ ಬಿದ್ದುಹೋಯಿತು. ತಪ್ಪು ನ್ಯೂಟ್ರಿನೋವಿನ ಬಗ್ಗೆ ನಮ್ಮ ತಿಳಿವಳಿಕೆಯಲ್ಲಿತ್ತು. ಅವು ದಾರಿಯಲ್ಲೇ ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಗುತ್ತವೆ ಎಂದು ಕೆನಡಾದ ಸಡ್ಬರಿಯ ಪ್ರಯೋಗ 2001 ಮತ್ತು 2002ರಲ್ಲಿ ತೋರಿಸಿತು. ನ್ಯೂಟ್ರಿನೋ ಬಗೆ ಬದಲಿಸುವುದನ್ನು ತೋರಿಸಿದ್ದಕ್ಕೆ 2015ರ ನೊಬೆಲ್ ಬಂತು.

ಸೂರ್ಯನ ತಿರುಗಾಟದ ವಿಷಯದಲ್ಲಂತೂ ಎಣಿಕೆಯೇ ಉಲ್ಟಾ ಆಯಿತು. ಮೇಲ್ಮೈಯಲ್ಲಿ ಸಮಭಾಜಕ ಸುಮಾರು 25 ದಿನಕ್ಕೆ ಒಂದು ಸುತ್ತು ಹಾಕುತ್ತದೆ, ಧ್ರುವದ ಕಡೆ 35 ದಿನದ ಆಸುಪಾಸು ಬೇಕು. ಇದು ಹಳೆಯ ವಿಷಯ. ಒಳಗೆ? ಅಕ್ಷಕ್ಕೆ ಸಮಾನಾಂತರವಾದ ಕೊಳವೆಗಳಂತೆ ಪದರಪದರವಾಗಿ ತಿರುಗುತ್ತಿರಬೇಕು ಎಂದು ಆಗಿನ ಕಂಪ್ಯೂಟರ್ ಮಾದರಿಗಳು ಹೇಳುತ್ತಿದ್ದವು. ಅಳತೆ ಬೇರೆಯದನ್ನೇ ಹೇಳಿತು. ಕುದಿಯುವ ಪದರದ ತಳದವರೆಗೂ ಹೆಚ್ಚುಕಡಿಮೆ ಮೇಲ್ಮೈಯ ವ್ಯತ್ಯಾಸವೇ ಮುಂದುವರಿಯುತ್ತದೆ. ಅದರ ಕೆಳಗಿನ ವಿಕಿರಣ ವಲಯ ಗಟ್ಟಿ ವಸ್ತುವಿನ ಹಾಗೆ ಒಟ್ಟಿಗೇ ತಿರುಗುತ್ತದೆ. ಎರಡೂ ಕೂಡುವಲ್ಲಿ ಒಂದು ತೆಳು ಪದರವಿದೆ, ಟ್ಯಾಕೋಕ್ಲೈನ್ ಎಂದು ಅದರ ಹೆಸರು. ಅಲ್ಲಿ ಅನಿಲ ಒಂದರ ಮೇಲೊಂದು ಉಜ್ಜಿ ಎಳೆದಾಡುತ್ತದೆ. 11 ವರ್ಷಕ್ಕೊಮ್ಮೆ ಸೌರಕಲೆಗಳನ್ನು, ಅಂದರೆ ಸೂರ್ಯನ ಮೇಲಿನ ಕಪ್ಪು ಕಲೆಗಳನ್ನು, ಹೆಚ್ಚಿಸುವ ಕಾಂತಕ್ಷೇತ್ರ ಇಲ್ಲೇ ಬಲಗೊಳ್ಳುತ್ತದೆ ಎಂದು ಹಲವರ ವಾದ. ಮೇಲ್ಮೈಗೆ ಹತ್ತಿರದಲ್ಲೇ ಅದು ಹುಟ್ಟುತ್ತದೆ ಎನ್ನುವವರೂ ಇದ್ದಾರೆ. ಸಮಭಾಜಕದಿಂದ ಧ್ರುವದತ್ತ ಸೆಕೆಂಡಿಗೆ ಹತ್ತಿಪ್ಪತ್ತು ಮೀಟರ್ ವೇಗದಲ್ಲಿ ಸಾಗುವ ಇನ್ನೊಂದು ಹರಿವಿದೆ. ಅದು ಯಾವ ಆಳದಲ್ಲಿ ವಾಪಸು ಬರುತ್ತದೆ ಎಂಬುದು ಇಂದಿಗೂ ಬಿಸಿ ಚರ್ಚೆಯ ವಿಷಯ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎಸ್. ಪಿ. ರಾಜಗುರು 2015ರಲ್ಲಿ ಆಂಟಿಯಾ ಅವರೊಂದಿಗೆ ಪ್ರಕಟಿಸಿದ ಪ್ರಬಂಧ, ಎಚ್‌ಎಂಐನ ನಾಲ್ಕು ವರ್ಷಗಳ ದತ್ತಾಂಶದಿಂದ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು.

ದಿನನಿತ್ಯಕ್ಕೆ ಇದರಿಂದ ಏನು ಉಪಯೋಗ ಎಂದು ಕೇಳುವವರಿಗೆ ಒಂದು ನೇರ ಉತ್ತರವಿದೆ. ಸೂರ್ಯನ ಬೆನ್ನನ್ನು, ಅಂದರೆ ನಮಗೆ ಕಾಣದ ಬದಿಯನ್ನು, ಇದರಿಂದ ನೋಡಬಹುದು. ಬಲವಾದ ಕಾಂತಕ್ಷೇತ್ರ ಇರುವಲ್ಲಿಗೆ ಹೋಗಿ ಬಂದ ಅಲೆ ಕೆಲವು ಸೆಕೆಂಡು ಬೇಗ ಮರಳುತ್ತದೆ. ಆ ವ್ಯತ್ಯಾಸದಿಂದ ಹಿಂಬದಿಯ ದೊಡ್ಡ ಕಲೆಗಳನ್ನು ಗುರುತಿಸಬಹುದು ಎಂದು ಚಾರ್ಲ್ಸ್ ಲಿಂಡ್ಸೆ ಮತ್ತು ಡಗ್ ಬ್ರೌನ್ 2000ದಲ್ಲಿ ತೋರಿಸಿದರು. 2024ರ ಮೇ 10, 11ರಂದು ಭೂಮಿಗೆ ಅಪ್ಪಳಿಸಿದ ಸೌರ ಬಿರುಗಾಳಿ ನಿಮಗೆ ನೆನಪಿರಬಹುದು. ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿತ್ತು. ಅದಕ್ಕೆ ಕಾರಣವಾದ 3664 ಸಂಖ್ಯೆಯ ಕಲೆಗಳ ಗುಂಪು ಮರೆಯಾಗಿ ಹಿಂಬದಿಗೆ ಹೋದ ಮೇಲೂ ಅಲೆಗಳ ಮೂಲಕ ಅದರ ಮೇಲೆ ಕಣ್ಣಿಡಲಾಗಿತ್ತು. ಮುಂದೆ ಅದು 3697 ಎಂಬ ಹೊಸ ಸಂಖ್ಯೆಯಲ್ಲಿ ಮರಳಿ ಮುಖ ತೋರಿಸಿತು. ಉಪಗ್ರಹ, ವಿದ್ಯುತ್ ಜಾಲ ನೋಡಿಕೊಳ್ಳುವವರಿಗೆ ಇಂಥ ಮುನ್ಸೂಚನೆ ಒಂದೆರಡು ವಾರ ಮೊದಲೇ ಸಿಗುತ್ತದೆ. ಹಿಂಬದಿಯ ಚಿತ್ರ ಮಸುಕು, ಸಣ್ಣ ಕಲೆಗಳು ಅದರಲ್ಲಿ ಕಾಣುವುದಿಲ್ಲ.

ಕೈಗೆ ಸಿಗದ್ದೂ ಇದೆ. ತೇಲುವಿಕೆಯ ಬಲದಿಂದ ಏಳುವ ಇನ್ನೊಂದು ಬಗೆಯ ಅಲೆಗಳು, ಜಿ-ಮೋಡ್ ಎಂದು ಕರೆಯುವಂಥವು, ಗರ್ಭದಲ್ಲೇ ಬಲವಾಗಿರಬೇಕು. ಅವು ಮೇಲೆ ಬರುವಷ್ಟರಲ್ಲಿ ತೀರ ಕ್ಷೀಣಿಸುತ್ತವೆ. ಸಿಕ್ಕಿತು ಎಂಬ ಘೋಷಣೆಗಳು ಬಂದಿವೆ, 2017ರಲ್ಲೂ ಒಂದು ಬಂತು, ಎಲ್ಲರೂ ಒಪ್ಪಿದ್ದು ಯಾವುದೂ ಇಲ್ಲ. ಪತ್ರಿಕೆಯಲ್ಲಿ ಮುಂದೆ ಇಂಥ ಸುದ್ದಿ ಓದಿದರೆ ಬೇರೆ ತಂಡವೊಂದು ಅದೇ ಫಲಿತಾಂಶ ಪಡೆಯುವವರೆಗೆ ತಾಳ್ಮೆ ಇರಲಿ. ಇಂಗಾಲ, ಆಮ್ಲಜನಕದಂಥ ಭಾರ ಧಾತುಗಳ ಲೆಕ್ಕವೂ ಸರಿಹೊಂದಿಲ್ಲ. 2000ದ ನಂತರ ರೋಹಿತದಿಂದ ಪಡೆದ ಹೊಸ ಪ್ರಮಾಣಗಳನ್ನು ಮಾದರಿಗೆ ಹಾಕಿದರೆ, ಅದುವರೆಗೆ ಚೆನ್ನಾಗಿ ಹೊಂದುತ್ತಿದ್ದ ಶಬ್ದದ ವೇಗ ಕೆಟ್ಟುಹೋಗುತ್ತದೆ.

ಖರ್ಚು, ದತ್ತಾಂಶ, ಕಲಿಕೆ

ಎಸ್‌ಡಿಒಗೆ ಸುಮಾರು 85 ಕೋಟಿ ಡಾಲರ್ ತಗಲಿದೆ. ದಿನಕ್ಕೆ ಒಂದೂವರೆ ಟೆರಾಬೈಟ್, ಅಂದರೆ ಸಾಮಾನ್ಯ ಲ್ಯಾಪ್‌ಟಾಪ್ ಒಂದರ ಡಿಸ್ಕನ್ನು ತುಂಬಿಸುವಷ್ಟು, ಮಾಹಿತಿ ಅದರಿಂದ ಇಳಿಯುತ್ತದೆ. ನಮಗೆ ನಿಮಗೆ ಮಾತ್ರ ಅದು ಪುಕ್ಕಟೆ. ಎಚ್‌ಎಂಐ ದತ್ತಾಂಶ ಸ್ಟ್ಯಾನ್‌ಫರ್ಡ್‌ನ ಜೆಸಾಕ್ ಎಂಬ ಭಂಡಾರದಲ್ಲಿ, ಗಾಂಗ್ ದತ್ತಾಂಶ ಅಮೆರಿಕದ ರಾಷ್ಟ್ರೀಯ ಸೌರ ವೀಕ್ಷಣಾಲಯದ ಜಾಲತಾಣದಲ್ಲಿ ಸಿಗುತ್ತದೆ. ಸೂರ್ಯನ ಹಿಂಬದಿಯ ನಕ್ಷೆಗಳೂ ಅಲ್ಲೇ ಇವೆ.

ನಮ್ಮ ಆದಿತ್ಯ-ಎಲ್1 ಈ ಕೆಲಸ ಮಾಡುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿದ ಆ ನೌಕೆಯ ಏಳು ಉಪಕರಣಗಳ ಗಮನ ಸೂರ್ಯನ ಹೊರಗಿನ ಕರೋನಾ, ಅತಿನೇರಳೆ ಕಿರಣ, ಕ್ಷ-ಕಿರಣ, ಸೌರಮಾರುತ ಮತ್ತು ಕಾಂತಕ್ಷೇತ್ರದ ಮೇಲೆ. ಮುಖ್ಯ ಉಪಕರಣ ವೆಲ್ಕ್ ತಯಾರಾದದ್ದು ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆಯ ಆವರಣದಲ್ಲಿ. ಮೇಲ್ಮೈಯ ಕಂಪನದಿಂದ ಒಳರಚನೆ ಅಳೆಯುವ ಎಚ್‌ಎಂಐನಂಥ ಉಪಕರಣ ಅದರಲ್ಲಿಲ್ಲ. ಅದು ಕೊರತೆಯೇನಲ್ಲ, ಉದ್ದೇಶವೇ ಬೇರೆ.

ಇದನ್ನೇ ಓದಬೇಕೆನ್ನುವ ಮಕ್ಕಳಿದ್ದರೆ ದಾರಿ ಹೀಗಿದೆ. ಭೌತಶಾಸ್ತ್ರ ಅಥವಾ ಗಣಿತದಲ್ಲಿ ಗಟ್ಟಿ ಪದವಿ, ಜೊತೆಗೆ ಪ್ರೋಗ್ರಾಮಿಂಗ್. ಎಂ.ಎಸ್ಸಿ. ನಂತರ ಜೆಸ್ಟ್ ಪ್ರವೇಶ ಪರೀಕ್ಷೆಯ ಮೂಲಕ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಂಥಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಉದಯಪುರ ಸೌರ ವೀಕ್ಷಣಾಲಯ, ಮುಂಬೈನ ಟಾಟಾ ಸಂಸ್ಥೆಗಳಲ್ಲೂ ಈ ಕೆಲಸ ನಡೆದುಕೊಂಡು ಬಂದಿದೆ. ಅರ್ಹತೆಯ ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ಸಂಸ್ಥೆಯ ಜಾಲತಾಣವನ್ನೇ ನೋಡುವುದು ಕ್ಷೇಮ.

ಪಿಎಚ್.ಡಿ.ವರೆಗೆ ಕಾಯದೆ ಈಗಲೇ ಕೈಹಾಕುವ ಉತ್ಸಾಹವಿದ್ದರೆ ಪೈಥಾನ್ ಬಲ್ಲವರಿಗೆ ಸನ್‌ಪೈ ಎಂಬ ಉಚಿತ ತಂತ್ರಾಂಶವಿದೆ. ಜೆಸಾಕ್‌ನಲ್ಲಿ ನಿಮ್ಮ ಇಮೇಲ್ ವಿಳಾಸ ನೋಂದಾಯಿಸಿ. ಎಚ್‌ಎಂಐನ ಡಾಪ್ಲರ್‌ಗ್ರಾಂ, ಅಂದರೆ ವೇಗದ ನಕ್ಷೆಗಳನ್ನು, ಎರಡು ಗಂಟೆಯಷ್ಟು ಕೇಳಿ. 45 ಸೆಕೆಂಡಿಗೊಂದರಂತೆ 160 ಚಿತ್ರಗಳಾಗುತ್ತವೆ. ಇಡೀ ಸೂರ್ಯ ಬೇಡ, ನಡುವಿನ ಸಣ್ಣ ತುಂಡು ಸಾಕು. ಹಾಗೆ ಕತ್ತರಿಸಿ ಕೊಡುವ ಸೌಲಭ್ಯ ಅಲ್ಲೇ ಇದೆ, ಡೇಟಾ ಉಳಿಯುತ್ತದೆ. ಕಲೆಗಳಿಲ್ಲದ ಜಾಗದ ಒಂದು ಬಿಂದುವನ್ನು ಆರಿಸಿ ಅದರ ವೇಗವನ್ನು ಕಾಲದ ಎದುರು ಗ್ರಾಫ್ ಹಾಕಿ. ಮೊದಲಿಗೆ ದೊಡ್ಡದೊಂದು ಓರೆಗೆರೆ ಕಂಡು ಗಾಬರಿಯಾಗಬೇಡಿ. ಉಪಗ್ರಹವೇ ಭೂಮಿಯ ಸುತ್ತ ಸೆಕೆಂಡಿಗೆ 3 ಕಿಲೋಮೀಟರ್ ವೇಗದಲ್ಲಿ ಸುತ್ತುವುದರಿಂದ ಅದರ ಚಲನೆ ಅಳತೆಯಲ್ಲಿ ಸೇರಿರುತ್ತದೆ. ಆ ನಿಧಾನದ ಏರಿಳಿತವನ್ನು ಕಳೆದುಬಿಡಿ. ಉಳಿದ ಗೆರೆ ಗಂಟೆಗೆ ಸುಮಾರು ಹನ್ನೆರಡು ಸಲ ಮೇಲೆ ಕೆಳಗೆ ಆಡುತ್ತಿರುತ್ತದೆ.